ಕನಕಾಂಬರದ ಕಾಯಿ ಮಳೆಗೆ ಸಿಡಿಯುವುದು ಯಾಕೆ

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳಲ್ಲಿ ಅರ್ಧದಷ್ಟು ಎಲ್ಲಿ ಕೂರಬೇಕು ಅಂತ ಜಾಗ ನೋಡುತ್ತಾ ನಿಂತಿದ್ದವು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನೆಲ್ಲ "ಸಮುದ್ರ ಯಾವ ಕಡೆ?" ಅಂತ ಕೇಳುತ್ತಿದ್ದವು. ಗಿಡ, ಗಾಳಿ, ಇರುವೆ ಎಲ್ಲವೂ ಮಾತಾಡುತ್ತಿದ್ದವು, ಜನ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಅವು ಮಾತು ಬಿಟ್ಟವೋ, ನಾವು ಕೇಳೋದು ಬಿಟ್ಟೆವೋ, ಅದು ಬೇರೆ ಜಗಳ. ಈಗ ಬೇಡ.

ಆಗ ಇಡೀ ಲೋಕಕ್ಕೆ ಇದ್ದದ್ದು ಒಂದೇ ಒಂದು ಕನಕಾಂಬರದ ಗಿಡ. ಅದು ಹೊನ್ನಾಜಮ್ಮನ ಹಿತ್ತಿಲಲ್ಲಿತ್ತು.

ಹೂವಿನ ಬಣ್ಣ ಈಗಿನದ್ದೇ. ಕೆಂಡಕ್ಕೆ ಒಂದು ಚಿಟಿಕೆ ಅರಿಸಿನ ಉದುರಿಸಿದ ಹಾಗೆ. ಆದರೆ ಆಗ ಅದಕ್ಕೆ ಘಮ ಇತ್ತು. ಎಂಥಾ ಘಮ ಅಂತೀಯ! ಹೊಳೆಯಾಚೆ ಎಮ್ಮೆ ಮೇಯಿಸುವವರು ಮೂಗರಳಿಸಿ, "ಓ, ಹೊನ್ನಾಜಮ್ಮ ಎದ್ದವ್ಳೆ, ಹೂ ಬಿಡಿಸ್ತಾವ್ಳೆ" ಅನ್ನುತ್ತಿದ್ದರು. ಘಮ ಎಷ್ಟಿತ್ತೋ ಆಯಸ್ಸು ಅಷ್ಟೇ ಕಡಿಮೆ. ಬೆಳಗ್ಗೆ ಮುಡಿದ ಹೂ ಮಧ್ಯಾಹ್ನದ ಊಟದ ಹೊತ್ತಿಗೆ ಬಾಡಿ ಕೂದಲಿಗೆ ಅಂಟಿಕೊಳ್ಳುತ್ತಿತ್ತು.

ಹೊನ್ನಾಜಮ್ಮ ಕಟ್ಟುನಿಟ್ಟಿನ ಹೆಂಗಸು. ಮಾತು ಒರಟು, ಕೆಲಸ ಅಚ್ಚುಕಟ್ಟು. ಗಂಡ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿದ್ದದ್ದು ಅವಳು, ಅವಳ ಒಬ್ಬಳೇ ಮಗಳು ಕೆಂಪಿ, ಹಿಂದೆ ಆ ಗಿಡ.

ಗಿಡ ಸಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನುಗ್ಗೆ ಮರದಿಂದ ನಾಲ್ಕು ಹೆಜ್ಜೆ ಆಚೆಗೆ ಅದನ್ನು ನೆಟ್ಟಿದ್ದಳು. ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನದ ಬಿಸಿಲು ನುಗ್ಗೆ ಎಲೆಯಲ್ಲಿ ಸೋಸಿಕೊಂಡು ಬರಬೇಕು. ಬಚ್ಚಲ ನೀರು ಪಕ್ಕದಲ್ಲಿ ಹರಿದು ಹೋಗಬೇಕು, ಬುಡದಲ್ಲಿ ನಿಲ್ಲಬಾರದು. ನಿಂತರೆ ಬೇರು ಕೊಳೆಯುತ್ತದೆ. ತಿಂಗಳಿಗೆ ಎರಡು ಬೊಗಸೆ ಹಳೇ ಗೊಬ್ಬರ. ಆ ಗಿಡದಲ್ಲಿ ಹಸಿರು ತೆನೆ ಬರುತ್ತದಲ್ಲ, ಹೂ ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಅರಳಿಕೊಂಡು ಹೋಗುತ್ತದೆ. ತೆನೆಯ ಹೂವೆಲ್ಲ ಮುಗಿದ ಕೂಡಲೇ ಚಿವುಟಿ ಹಾಕುತ್ತಿದ್ದಳು. ಚಿವುಟಿದ ಜಾಗದ ಪಕ್ಕದಲ್ಲಿ ಎರಡು ಹೊಸ ತೆನೆ ಬರುತ್ತಿದ್ದವು.

ಆ ಊರಿನಲ್ಲಿ ಒಂದು ರೂಢಿ ಇತ್ತು. ಬಿಸಿಲು ಏರುವ ಮೊದಲು ಗಿಡದ ಹೂವೆಲ್ಲ ಬಿಡಿಸಿ ಆಗಿರಬೇಕು. ಒಂದೇ ಒಂದು ಹೂ ಗಿಡದಲ್ಲಿ ಒಣಗಿದರೂ ಆ ಮನೆ ಹೆಂಗಸು ಸೋಮಾರಿ. ಹೊನ್ನಾಜಮ್ಮನ ಗಿಡದಲ್ಲಿ ಒಂದು ದಿನವೂ ಒಂದು ಹೂ ಒಣಗಿರಲಿಲ್ಲ. ಅದು ಅವಳಿಗೆ ದೊಡ್ಡ ಹೆಮ್ಮೆ.

ಕೆಂಪಿಗೆ ಮದುವೆ ಆಯಿತು. ಗಂಡನ ಊರು ಬೆಟ್ಟದಾಚೆ, ಮೂರು ದಿನದ ನಡಿಗೆ. ಹೊನ್ನಾಜಮ್ಮ ಮಗಳ ಜಡೆ ತುಂಬ ಕನಕಾಂಬರ ಮುಡಿಸಿ, ಕಣ್ಣು ಒರೆಸಿಕೊಂಡು, "ಹೋಗು, ದಾರಿಲಿ ನಿಲ್ಬೇಡ" ಅಂತ ಗದರಿ ಕಳಿಸಿದಳು.

ಮೊದಲ ಯುಗಾದಿಗೆ ಕೆಂಪಿ ತವರಿಗೆ ಬಂದಳು. ಬಂದವಳಿಗೆ ನೀರು ಕೊಡುವ ಮೊದಲೇ ಹೊನ್ನಾಜಮ್ಮ ಕೇಳಿದಳು.

"ಹೂ ಮುಡ್ಕೊಂಡು ಹೋದೆಯಲ್ಲ, ನಿಮ್ಮತ್ತೆ ಏನಂದ್ರು?"

"ಏನಂತಾರೆ? ತಲೆಗೆ ಬರೀ ದಾರ ಸುತ್ಕೊಂಡು ಬಂದಿದೀಯಲ್ಲ, ಇದು ನಿಮ್ಮ ಕಡೆ ಶಾಸ್ತ್ರವಾ ಅಂದ್ರು."

ಹೊನ್ನಾಜಮ್ಮನ ಮುಖ ಸಪ್ಪಗಾಯಿತು. ಕೆಂಪಿ ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು.

"ಅವ್ವಾ, ಆ ಊರಲ್ಲಿ ಎಲ್ಲಾ ಐತೆ. ರಾಗಿ ಐತೆ, ದನ ಐತೆ. ಅವ್ರೂ ಒಳ್ಳೇವ್ರು. ಬೆಳಗ್ಗೆ ಎದ್ದು ಹಿತ್ಲಿಗೆ ಹೋದ್ರೆ ಮಾತ್ರ ಬರೀ ಕಲ್ಲು. ನಿನ್ನ ನೆಪ್ಪಾಗಿ ಅಳು ಬತ್ತದೆ. ನಂಗೆ ಈ ಗಿಡ ಬೇಕು."

"ಸೀರೆ ಕೇಳೇ. ಕರು ಬೇಕಾದ್ರೆ ಕೇಳು."

"ಗಿಡ ಬೇಕು."

ಹುಟ್ಟಿದಾಗಿನಿಂದ ಕೆಂಪಿ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ. ಮುಂಗಾರಿನ ಬಿತ್ತನೆಗೆ ಮೊದಲು ಅವಳು ಗಂಡನ ಮನೆ ಸೇರಬೇಕು. ಅಷ್ಟರಲ್ಲಿ ಗಿಡ ಕೊಡದೆ ಹೋದರೆ ತನಗೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ ಅಂತ ಹೊನ್ನಾಜಮ್ಮನಿಗೆ ಆ ಕ್ಷಣವೇ ಗೊತ್ತಾಯಿತು.

ಬುಡಸಮೇತ ಕೀಳೋಣವೇ? ಇರುವುದು ಒಂದೇ ಗಿಡ, ದಾರಿಯಲ್ಲಿ ಸತ್ತರೆ ಲೋಕಕ್ಕೇ ಇಲ್ಲ. ಕೊಂಬೆ ಕಡಿದು ಒಯ್ದರೆ? ಮೂರು ದಿನ ತಡೆಯುತ್ತದೋ ನೋಡೋಣ ಅಂತ ಒಂದು ಕೊಂಬೆ ಕಡಿದು ಒದ್ದೆ ಬಟ್ಟೆ ಸುತ್ತಿ ಜಗುಲಿ ಮೇಲೆ ಇಟ್ಟಳು. ಚೈತ್ರದ ಬಿಸಿಲು. ಎರಡನೇ ದಿನಕ್ಕೆ ಅದು ಒಲೆಗೆ ಹಾಕುವ ಹಾಗೆ ಆಯಿತು.

ಸರಿ, ಗಿಡದ ಮುಂದೆ ಹೋಗಿ ನಿಂತಳು.

"ಎಲೇ ಗಿಡವೇ, ಬೀಜ ಕೊಡು. ನನ್ನ ಮಗಳಿಗೆ ಬೇಕು."

ಗಿಡಕ್ಕೆ ರೇಗಿತು. "ಬೀಜವಾ? ಎಲ್ಲಿಂದ ತರ್ಲಿ? ಇಷ್ಟು ವರ್ಷದಲ್ಲಿ ಒಂದು ಹೂ ಆದ್ರೂ ನನ್ನ ಮೈಮೇಲೆ ಬಿಟ್ಟಿದ್ದೀಯಾ? ಅರಳೋದೇ ತಡ, ಬಿಡಿಸ್ಕೊಂತೀಯ. ತೆನೆ ಮುಗಿಯೋದೇ ತಡ, ಚಿವುಟ್ತೀಯ. ಹೂ ಒಣಗಿದ್ರೆ ತಾನೇ ಕಾಯಿ? ಕಾಯಿ ಆದ್ರೆ ತಾನೇ ಬೀಜ?"

ಹೊನ್ನಾಜಮ್ಮನಿಗೆ ನಾಚಿಕೆಯಾಯಿತು. ಹೆಮ್ಮೆಪಟ್ಟುಕೊಂಡು ಮಾಡಿದ್ದೇ ತಪ್ಪಾಗಿತ್ತು. ಹಾಗಾಗುತ್ತದೆ, ಏನು ಮಾಡೋದು.

"ತಪ್ಪಾಯ್ತು ಕಣವ್ವ" ಅಂದಳು. "ಒಂದು ತೆನೆ ಬಿಡ್ತೀನಿ."

ಬಿಡುತ್ತೇನೆ ಅಂದಷ್ಟು ಸುಲಭವೇ? ಬೆಳಗಾದರೆ ಕೈ ತಾನಾಗಿ ಆ ತೆನೆಗೇ ಹೋಗುತ್ತಿತ್ತು. ಬಲಗೈ ಹೋದರೆ ಎಡಗೈಯಲ್ಲಿ ಹೊಡೆದುಕೊಳ್ಳುತ್ತಿದ್ದಳು. ಆಮೇಲೆ ಆ ತೆನೆಗೆ ಹಳೇ ಸೀರೆಯ ಚೂರು ಕಟ್ಟಿದಳು, ಮುಟ್ಟಬಾರದು ಅನ್ನುವ ಗುರುತಿಗೆ. ಪಕ್ಕದ ಮನೆ ಚೆಲುವಮ್ಮ ಬೇಲಿ ಮೇಲೆ ಕತ್ತು ಚಾಚಿ, "ಯಾಕ್ ಹೊನ್ನಾಜಿ, ಮೈ ಹುಷಾರಿಲ್ವಾ? ಹೂ ಒಣಗ್ತಾ ಐತೆ" ಅಂದಳು. ಊರೆಲ್ಲ ಸುದ್ದಿ ಆಯಿತು. ಹೊನ್ನಾಜಮ್ಮ ಹಲ್ಲು ಕಚ್ಚಿಕೊಂಡು ಆ ತೆನೆಯನ್ನು ಹಾಗೇ ಬಿಟ್ಟಳು.

ಹೂ ಒಣಗಿತು. ತೆನೆ ಕಂದು ಬಣ್ಣಕ್ಕೆ ತಿರುಗಿತು. ತೆನೆಯೊಳಗೆ ಭತ್ತದ ಕಾಳಿಗಿಂತ ಸ್ವಲ್ಪ ದಪ್ಪನೆಯ ಕಾಯಿಗಳಾದವು. ಒಂದೊಂದರಲ್ಲೂ ನಾಲ್ಕು ಬೀಜ. ನಾಳೆ ಬಿಡಿಸೋಣ ಅಂತ ತಾಯಿ ಮಗಳು ಮಲಗಿದರು.

ಬೆಳಗ್ಗೆ ನೋಡಿದರೆ ಕಾಯಿಗಳೆಲ್ಲ ಬಾಯಿ ತೆರೆದುಕೊಂಡು ಖಾಲಿ ಕೂತಿವೆ. ಬುಡದಲ್ಲಿ ಇರುವೆಗಳ ಸಾಲು, ಒಂದೊಂದರ ತಲೆ ಮೇಲೂ ಒಂದೊಂದು ಬೀಜ.

"ಅಯ್ಯೋ ನಿಮ್ಮ ಮನೆ ಹಾಳಾಗ! ಕಳ್ಳಿಯರಾ!" ಹೊನ್ನಾಜಮ್ಮ ಪೊರಕೆ ಎತ್ತಿದಳು.

ಮುಂದಿದ್ದ ಇರುವೆ ನಿಂತು ಮರ್ಯಾದೆಯಾಗಿ ಹೇಳಿತು. "ಕಳ್ಳಿ ಅನ್ಬೇಡಿ ಅಮ್ಮ. ಘಮ ಕರೀತು, ಬಂದ್ವಿ. ಬಾಗಿಲು ತೆಗೆದೇ ಇತ್ತು, ತಗೊಂಡ್ವಿ. ಬೀಗ ಹಾಕದೆ ಊರಿಗೆಲ್ಲ ಡಂಗುರ ಸಾರಿದ್ರೆ ನಾವೇನ್ ಮಾಡೋಣ?"

ಪೊರಕೆ ಕೆಳಗಿಳಿಯಿತು. ಇರುವೆ ಹೇಳಿದ್ದು ಸರಿಯಾಗಿಯೇ ಇತ್ತು. ಗಿಡವೂ ಮೆಲ್ಲಗೆ ಹೇಳಿತು. "ಘಮ ಇರೋವರೆಗೂ ಬೀಜ ಉಳಿಯಲ್ಲ ಹೊನ್ನಾಜಮ್ಮ. ಘಮ ಬೇಕಾ, ಬೀಜ ಬೇಕಾ? ನೀನೇ ಹೇಳು."

ಇದನ್ನು ಗಾಳಿ ಕೇಳಿಸಿಕೊಂಡಿತು. ಅದಕ್ಕೆ ಮೊದಲಿನಿಂದಲೂ ಆ ಘಮದ ಮೇಲೆ ಕಣ್ಣು. ನುಗ್ಗೆ ಮರದಿಂದ ಇಳಿದು ಬಂದು, "ಘಮ ಪೂರ್ತಿ ನಂಗೆ ಕೊಟ್ಬಿಡು" ಅಂದಿತು. "ಬದಲಿಗೆ ನಿನ್ನ ಹೂವಿನ ಪಸೆ ನಾನು ಮುಟ್ಟಲ್ಲ. ಮೂರು ದಿನ ಬಾಡಲ್ಲ. ಮಾತು ಕೊಡ್ತೀನಿ."

ಹೊನ್ನಾಜಮ್ಮ ಒಳಗೆ ಹೋಗಿ ರಾಗಿಕಲ್ಲಿನ ಮುಂದೆ ಕೂತು ಬೀಸತೊಡಗಿದಳು. ಆ ಘಮ ಅಂದರೆ ಅವಳಿಗೆ ಪ್ರಾಣ. ಕೆಂಪಿ ಎಳೆಗೂಸಾಗಿದ್ದಾಗ ಅಳು ನಿಲ್ಲಿಸುತ್ತಿದ್ದದ್ದು ತಾಯಿಯ ತುರುಬಿನ ಘಮಕ್ಕೆ. ಗಂಡ ಕುರಿ ಬಿಟ್ಟು ಮನೆ ಕಡೆ ಬರುತ್ತಿದ್ದದ್ದೂ ಅದೇ ಘಮ ಹಿಡಿದುಕೊಂಡು. ಅದು ಹೋದರೆ ತನ್ನ ಮನೆ ಯಾವುದು ಅಂತ ತನಗೇ ಗೊತ್ತಾಗದು ಅನ್ನಿಸಿತು.

ಕೆಂಪಿ ಬಂದು ಕಲ್ಲಿನ ಹಿಡಿಗೆ ತಾನೂ ಕೈ ಹಾಕಿದಳು. "ಬಿಡವ್ವ. ನಂಗೆ ಗಿಡ ಬೇಡ. ಘಮ ಇಲ್ಲದ ಮನೇಲಿ ನೀನು ಹೆಂಗಿರ್ತೀಯ?"

"ನೀನಿಲ್ಲದ ಮನೇಲಿ ಇರ್ತಾ ಇಲ್ವಾ? ಹಂಗೇ" ಅಂದಳು ಹೊನ್ನಾಜಮ್ಮ. ಎದ್ದು ಸೆರಗು ಕೊಡವಿ ಹಿತ್ತಿಲಿಗೆ ಹೋದಳು. ಒಂದು ಹೂವನ್ನು ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದಳು.

"ತಗೊಂಡು ಹೋಗು" ಅಂದಳು ಗಾಳಿಗೆ.

ಗಾಳಿ ಘಮವನ್ನೆಲ್ಲ ಹೊತ್ತುಕೊಂಡು ಹೋಯಿತು. ಅದೇನು ಒಂದು ಕಡೆ ನಿಲ್ಲುವ ಜಾತಿಯೇ? ಬೇಲಿ ಬೇಲಿಗೂ ಒಂದಿಷ್ಟು ಒರೆಸುತ್ತಾ ಹೋಯಿತು, ಹೆಚ್ಚಿನ ಪಾಲು ಒಂದು ಮಲ್ಲಿಗೆ ಬಳ್ಳಿಗೆ ಸಿಕ್ಕಿತು. ಈಗಲೂ ಕನಕಾಂಬರದ ಜೊತೆ ಮಲ್ಲಿಗೆ ಸೇರಿಸಿ ಕಟ್ಟುವುದು ಅದಕ್ಕೇ.

ಘಮದ ಕೆಲಸ ಮುಗಿಯಿತು. ಬಾಗಿಲಿನದ್ದು ಉಳಿಯಿತು. ಬೆಟ್ಟದ ನೆತ್ತಿಯ ಮೇಲೆ ಆ ವರ್ಷದ ಮೊದಲ ಮಳೆಮೋಡ ಕೂತಿತ್ತು. ಹೊನ್ನಾಜಮ್ಮ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದಳು.

"ಮಳೆರಾಯಾ! ನಮ್ಮ ಗಿಡದ ಕಾಯಿಗೊಂದು ಬೀಗ ಬೇಕಾಗಿತ್ತು!"

ಮಳೆ ಅಲ್ಲಿಂದಲೇ ಗುಡುಗಿತು. "ಹಾಕೋಣ. ಬೀಗದ ಕೈ ಮಾತ್ರ ನನ್ನ ಹತ್ರ. ಇರುವೆ ಬಂದ್ರೂ ತೆಗೀಬಾರದು, ಗಾಳಿ ಬಂದ್ರೂ ತೆಗೀಬಾರದು. ನಾನು ಬಂದಾಗ ಮಣ್ಣು ಹಸಿ ಇರ್ತದೆ. ಆಗ ತೆಗೀಲಿ."

"ತೆಗೆದ್ರೆ ಬೀಜ ನನ್ನ ಬುಡಕ್ಕೇ ಬೀಳ್ತದಲ್ಲ" ಅಂತ ಗಿಡ ತಗಾದೆ ತೆಗೆಯಿತು. "ನನ್ನ ನೆರಳಲ್ಲೇ ಇದ್ರೆ ಅವು ಬಡಕಲಾಗ್ತವೆ. ದೂರ ಹೋಗ್ಬೇಕು."

"ಹಾಗಾದ್ರೆ ಸುಮ್ನೆ ತೆಗೀಬೇಡ, ಸಿಡಿ" ಅಂದಿತು ಮಳೆ.

ಒಪ್ಪಂದ ಆಯಿತು.

ಹೊನ್ನಾಜಮ್ಮ ಇನ್ನೊಂದು ತೆನೆ ಬಿಟ್ಟಳು. ಹೂ ಒಣಗಿತು, ತೆನೆ ಕಂದಾಯಿತು, ಕಾಯಿ ಬಲಿಯಿತು. ಈ ಸಲ ಒಂದು ಇರುವೆಯೂ ಬರಲಿಲ್ಲ. ಕಾಯಿ ಬಾಯಿ ಮುಚ್ಚಿಕೊಂಡೇ ಇತ್ತು. ಒಟ್ಟು ಹನ್ನೊಂದು ಕಾಯಿ. ಕೆಂಪಿ ಹೊರಡುವ ದಿನವೂ ಬಂತು.

"ನಾನೂ ಬರ್ತೀನಿ ನಡಿ" ಅಂದಳು ಹೊನ್ನಾಜಮ್ಮ. "ನಿನ್ನ ಕೈಲಿ ಕೊಟ್ರೆ ಎಲ್ಲಾದ್ರೂ ಬೀಳಿಸ್ತೀಯ."

ಕಾಯಿಗಳನ್ನು ಎಲ್ಲಿ ಇಡೋದು? ಮಡಿಲಲ್ಲಿ ಇಟ್ಟರೆ ಹೊಳೆ ದಾಟುವಾಗ ನೆನೆಯುತ್ತದೆ. ಬುತ್ತಿಯಲ್ಲಿ ಇಟ್ಟರೆ ಮಜ್ಜಿಗೆ ತಾಗುತ್ತದೆ. ಕೊನೆಗೆ ಹನ್ನೊಂದನ್ನೂ ತನ್ನ ತುರುಬಿನೊಳಗೆ ಸಿಕ್ಕಿಸಿಕೊಂಡಳು. ಕೆಂಪಿಯ ಜಡೆಗೆ ಒಂದು ಮೊಳ ಹೂ ಮುಡಿಸಿದಳು. ಹೊರಟರು.

ಮೊದಲ ದಿನ ಕಾಡು. ಎರಡನೇ ದಿನ ಹೊಳೆ. ನೀರು ಕತ್ತಿನವರೆಗೆ ಬಂತು. ಹೊನ್ನಾಜಮ್ಮ ಕೋಳಿಯ ಹಾಗೆ ಕತ್ತು ಮೇಲೆತ್ತಿಕೊಂಡು, "ತುರುಬು ಮುಟ್ಟಿದ್ರೆ ನೋಡು" ಅಂತ ಹೊಳೆಗೆ ಗದರುತ್ತಾ ದಾಟಿದಳು. ಹೊಳೆ ಮುಟ್ಟಲಿಲ್ಲ. ಮೂರನೇ ದಿನ ಬೆಟ್ಟದ ಆಚೆ ಮಗ್ಗುಲು ಇಳಿಯುತ್ತಿದ್ದಾಗ ಹಿಂದಿನಿಂದ ತಣ್ಣನೆ ಗಾಳಿ ಬೀಸಿತು. ತಿರುಗಿ ನೋಡಿದರೆ ಮೋಡ ಅವರ ಹಿಂದೆಯೇ ಇಳಿಯುತ್ತಿದೆ.

ಹೊನ್ನಾಜಮ್ಮ ತುರುಬಿಗೆ ಕೈ ಅಡ್ಡ ಹಿಡಿದಳು. ಕೆಳಗೆ ಬರೀ ಬಂಡೆ. ಇಲ್ಲಿ ಮಳೆ ಬಿದ್ದರೆ ಇಲ್ಲೇ ಸಿಡಿಯುತ್ತವೆ. ಹನ್ನೊಂದಕ್ಕೆ ಹನ್ನೊಂದೂ ಕಲ್ಲಿನ ಮೇಲೆ ಹೋಗುತ್ತವೆ.

"ಸ್ವಲ್ಪ ತಾಳಪ್ಪಾ ಮಳೆರಾಯ!"

"ತಾಳೋಕಾಗಲ್ಲ. ಆಚೆ ಊರವರು ನೇಗಿಲು ಹಿಡ್ಕೊಂಡು ಕಾಯ್ತಾವ್ರೆ" ಅಂದಿತು ಮಳೆ. "ನಿಧಾನ ಬೇಕಾದ್ರೆ ಮಾಡ್ತೀನಿ."

"ಕೆಂಪಿ, ಓಡೇ!"

ಓಡಿದರು. ಹೊನ್ನಾಜಮ್ಮನ ಮಂಡಿ ಓಡುವ ಮಂಡಿಯಲ್ಲ. ಕೆಂಪಿ ಕೈ ಹಿಡಿದು ಎಳೆದಳು. ಹೊನ್ನಾಜಮ್ಮ ಸೆರಗನ್ನು ಎರಡು ಪದರ ಮಾಡಿ ತಲೆ ಮೇಲೆ ಹೊದ್ದುಕೊಂಡು, ಏದುಸಿರು ಬಿಡುತ್ತಾ, ಸಿಕ್ಕ ದೇವರಿಗೆಲ್ಲ ಹರಕೆ ಹೊರುತ್ತಾ ಓಡಿದಳು. ಬಂಡೆ ಮುಗಿಯಿತು. ಹೊಲ ಬಂತು. ಊರು ಬಂತು. ಕೆಂಪಿಯ ಮನೆಯ ಅಂಗಳದಲ್ಲಿ ಬೀಗಿತ್ತಿ ದೇವೀರಮ್ಮ ರಾಗಿ ಎತ್ತಿಡುತ್ತಿದ್ದಳು.

"ಬನ್ನಿ ಬೀಗಿತ್ತಿ, ಇದೇನು ಹಿಂಗೆ ಓಡ್ಕೊಂಡು..."

ಅಷ್ಟರಲ್ಲಿ ಧೋ ಅಂತ ಮಳೆ ಹುಯ್ಯಿತು. ಸೆರಗು ನೆನೆಯಿತು, ತುರುಬು ನೆನೆಯಿತು. ಪಟ್!

ಪಟ್! ಪಟ್ ಪಟ್!

ದೇವೀರಮ್ಮ ಮೊರ ಬಿಸಾಡಿದಳು. "ಅಯ್ಯಯ್ಯೋ! ಬೀಗಿತ್ತಿ, ನಿಮ್ಮ ತಲೆ ಸಿಡೀತಾ ಐತೆ!"

"ಸಿಡೀಲಿ ಬಿಡಿ! ಸಿಡೀಲಿ!" ಹೊನ್ನಾಜಮ್ಮ ತಲೆ ಮೇಲಿನ ಸೆರಗು ಸರಿಸಿ ಅಂಗಳದ ಮಧ್ಯೆ ನಿಂತು ತಲೆಯನ್ನು ಮಳೆಗೆ ಒಡ್ಡಿದಳು. ಬೀಜಗಳು ನಾಲ್ಕೂ ಕಡೆಗೆ ಹಾರಿದವು. ಒಂದು ದೇವೀರಮ್ಮನ ಮೂಗಿಗೇ ಬಡಿಯಿತು. ಕೆಂಪಿ ಕೈ ತಟ್ಟಿ ನಕ್ಕಳು. ಈ ಸಲ ನಗು ನಗುವೇ ಆಗಿತ್ತು.

ಮಳೆ ನಿಂತ ಮೇಲೆ ಮೂವರೂ ಮೊಣಕಾಲೂರಿ ಬೀಜ ಹುಡುಕಿದರು. ಹೊನ್ನಾಜಮ್ಮ ಹಿತ್ತಿಲಿನ ಕಲ್ಲು ಆಯಿಸಿ, ಮಣ್ಣಿಗೆ ಮರಳು, ಹಳೇ ಗೊಬ್ಬರ ಬೆರೆಸಿ ಸಣ್ಣ ಮಡಿ ಮಾಡಿಸಿದಳು.

"ಆಳಕ್ಕೆ ಹೂಳ್ಬೇಡಿ. ಮೇಲೆ ಉಗುರಿನಷ್ಟು ಮಣ್ಣು ಸಾಕು. ನೀರು ಸುರೀಬೇಡಿ, ಕೈಯಲ್ಲಿ ಚಿಮುಕಿಸಿ. ಮೇಲೆ ಗರಿ ಕಟ್ಟಿ ನೆರಳು ಮಾಡಿ. ಆರು ಎಲೆ ಬಂದ್ಮೇಲೆ ಮೊಳಕ್ಕೊಂದು ಬಿಡಿಸಿ ನೆಡಿ. ಕೆಂಪಿ, ದಿನಾ ಕೆದಕಿ ಕೆದಕಿ ನೋಡಿದ್ರೆ ನಾನು ಬಂದು ಕೈ ಮುರೀತೀನಿ."

ದೇವೀರಮ್ಮ ಸೊಸೆಯ ಜಡೆಯ ಹೂ ಮೂಸಿದಳು. "ಮೂರು ದಿನ ಆದ್ರೂ ಹೊಸಾದಾಗೇ ಐತೆ. ಘಮ ಮಾತ್ರ ಇಲ್ವಲ್ಲ?"

"ಘಮ ದಾರಿ ಖರ್ಚಿಗೆ ಆಯ್ತು" ಅಂದಳು ಹೊನ್ನಾಜಮ್ಮ.

ಹದಿನೈದು ದಿನ ಇದ್ದಳು. ಮೊಳಕೆ ಎದ್ದಿತು, ಎರಡೆರಡು ಎಲೆ ಬಂತು. ಮಾರನೇ ದಿನವೇ ಹೊರಟಳು. ಕೆಂಪಿ ಊರ ಹೊರಗಿನವರೆಗೆ ಜೊತೆಗೆ ಬಂದಳು.

"ಹೂ ಬಿಟ್ಮೇಲೆ ಹೇಳಿ ಕಳಿಸ್ತೀನಿ ಅವ್ವಾ."

"ಹೂವಿಂದು ಹೇಳ್ಬೇಡ. ಒಂದು ತೆನೆ ಬಿಡಿಸ್ದೆ ಬಿಟ್ಟೆಯಾ ಇಲ್ವಾ, ಅದನ್ನ ಹೇಳು."

ಅಳು ಬಂತು. ಇಬ್ಬರಿಗೂ ಬಂತು. ಅತ್ತರು. ಆಮೇಲೆ ಹೊನ್ನಾಜಮ್ಮ ಬೆಟ್ಟದ ದಾರಿ ಹಿಡಿದಳು.

ಮುಂದಿನ ವರ್ಷದ ಮೊದಲ ಮಳೆ ಬಂದಾಗ ಅವಳು ಜಗುಲಿಯಲ್ಲಿ ಒಬ್ಬಳೇ ಕೂತಿದ್ದಳು. ಹಿತ್ತಿಲಿನಲ್ಲಿ ಪಟ್ ಪಟ್ ಅಂತ ಕಾಯಿ ಸಿಡಿದವು. ಮಳೆ ಇಲ್ಲಿ ಮುಗಿಸಿಕೊಂಡು ಬೆಟ್ಟ ಹತ್ತಿತು. ಹೊನ್ನಾಜಮ್ಮ ಅದನ್ನೇ ನೋಡುತ್ತಾ, "ಈಗ ನೆತ್ತಿ ಮೇಲೈತೆ. ಈಗ ಆಚೆ ಇಳೀತಾ ಐತೆ. ಈಗ ನಮ್ಮ ಕೆಂಪಿ ಹಿತ್ಲಲ್ಲಿ" ಅಂತ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ "ಪಟ್" ಅಂತ ತಾನೇ ಬಾಯಲ್ಲಿ ಅಂದಳು. ಅಂದು ನಕ್ಕಳು.

ಅದಕ್ಕೇ ಮಗಾ, ಕನಕಾಂಬರ ಎಷ್ಟು ಮೂಸಿದರೂ ಘಮ ಇಲ್ಲ, ಮುಡಿದರೆ ಮೂರು ದಿನ ಬಾಡುವುದಿಲ್ಲ, ಮತ್ತೆ ನೀನು ಅದರ ಒಣಗಿದ ಕಾಯಿಯನ್ನು ನೀರಿಗೆ ಹಾಕಿದರೆ ಮಳೆ ಬಂತು ಅಂತಲೇ ತಿಳಿದು ಅದು ಈಗಲೂ ಪಟ್ ಅಂತ ಸಿಡಿದು ತನ್ನ ಬೀಜವನ್ನು ಆದಷ್ಟು ದೂರಕ್ಕೆ ಕಳಿಸಿಕೊಡುತ್ತದೆ.